ಆಯುಧದ ಹಿಡಿಯೂ ಹಿಡಿಯುವ ಕೈಯೂ

೧. ವಿಷಯಪ್ರವೇಶ

ಹಳಗನ್ನಡ ಕಾವ್ಯಗಳ ಟಿಪ್ಪಣಿಗಳಲ್ಲಿ ತ್ಸರು, ಮುಷ್ಟಿ, ಪಿಡಿ, ಕಾವು ಎಂಬ ನಾಲ್ಕು ಶಬ್ದಗಳಿಗೂ ‘ಹಿಡಿಕೆ’ ಎಂಬ ಒಂದೇ ಅರ್ಥವನ್ನು ಬರೆದು ಮುಂದೆ ಸಾಗುವ ರೂಢಿಯುಂಟು. ಇದರಿಂದ ಪದ್ಯದ ಅನ್ವಯವೇನೋ ಕೂಡಿಬರುತ್ತದೆ. ಆದರೆ ಕವಿಯು ಕಣ್ಣಿನೆದುರಿಗೆ ಇಟ್ಟುಕೊಂಡಿದ್ದ ವಸ್ತುವು ಓದುವವನ ಕಣ್ಣಿಗೆ ಕಟ್ಟುವದಿಲ್ಲ. ಗದೆಯನ್ನು ಹಿಡಿಯುವ ಬಗೆ ಬೇರೆ, ಬಾಳನ್ನು ಹಿಡಿಯುವ ಬಗೆ ಬೇರೆ, ಬಿಲ್ಲಿನ ನಡುವನ್ನು ಹಿಡಿಯುವ ಬಗೆ ಬೇರೆ. ಕೈಗೂ ಆಯುಧಕ್ಕೂ ಇರುವ ಈ ಸಂಬಂಧವನ್ನು ತಿಳಿಯದೆ ಯುದ್ಧವರ್ಣನೆಗಳನ್ನು ಪಾಠ ಹೇಳುವದು ರಾಗವನ್ನು ಕೇಳದೆ ಸ್ವರಲಿಪಿಯನ್ನು ಓದಿದಂತೆ ಆಗುವದು.

ಚಿಕ್ಕೋಡಿ, ರಾಯಬಾಗ, ಅಥಣಿ ಹಾಗೂ ಇತ್ತೀಚೆಗೆ ತಾಲೂಕುಗಳಾದ ನಿಪ್ಪಾಣಿ, ಕಾಗವಾಡ, ಈ ಐದು ಸೀಮೆಗಳು ಇಂಥ ವಿಚಾರಕ್ಕೆ ಅನುಕೂಲವಾದ ಕ್ಷೇತ್ರಗಳು. ರಟ್ಟರು, ಕಲ್ಯಾಣದ ಚಾಲುಕ್ಯರು, ಆದಿಲಶಾಹಿ ಅರಸರು, ಮರಾಠರು, ಪಟವರ್ಧನರು, ನಿಂಬಾಳಕರರು ಎಂಬಿವರೆಲ್ಲರ ಆಳಿಕೆಯೂ ದಂಡುಗಳೂ ಇಲ್ಲಿ ಒಂದರ ಹಿಂದೊಂದಾಗಿ ಹಾದುಹೋಗಿವೆ. ಇಲ್ಲಿಯ ಜನರ ಬಾಯಿಯಲ್ಲಿ ಕನ್ನಡ ಮರಾಠಿಗಳೆರಡೂ ಬೆರೆತಿವೆ. ಮಹಾನವಮಿಯ ಆಯುಧಪೂಜೆಗೆ ಉತ್ತರ ಕರ್ನಾಟಕದಲ್ಲಿ ‘ಖಂಡೇನವಮಿ’ ಎಂಬ ಹೆಸರೇ ನಿಂತಿದೆ; ಖಂಡೆಯೆಂದರೆ ನೇರವಾದ ಅಗಲ ಅಲಗಿನ ಕತ್ತಿ. ಈಗ ಆ ದಿನ ಪೂಜೆಗೊಳ್ಳುವದು ಬಹುಮಟ್ಟಿಗೆ ಕುಡಗೋಲು, ತಕ್ಕಡಿ, ಯಂತ್ರಗಳಾದರೂ ಹಬ್ಬದ ಹೆಸರು ಮಾತ್ರ ಕತ್ತಿಯದೇ ಆಗಿದೆ.

ಆಯುಧದ ಹಿಡಿಯು ಹಿಡಿಯುವವನ ಕೈಗೆ ಒಪ್ಪಬೇಕೆಂಬ ತತ್ತ್ವವನ್ನು ಶಾಸ್ತ್ರವು ಹೇಗೆ ಹೇಳಿತು, ಗಡಿನಾಡಿನ ಆಯುಧಗಳಲ್ಲಿ ಅದು ಹೇಗೆ ರೂಪಗೊಂಡಿತು, ಈ ಕಾಲದ ಕೈಕೋವಿಯಲ್ಲಿ ಅದು ಹೇಗೆ ಉಳಿದುಬಂದಿದೆ ಎಂಬದು ಇಲ್ಲಿಯ ವಿಚಾರ.

೨. ಶಾಸ್ತ್ರೋಕ್ತವಾದ ಮಾನ

ಮೈಸೂರಿನ ಪ್ರಾಚ್ಯ ಪುಸ್ತಕಭಾಂಡಾರದಲ್ಲಿ ದೊರೆತ ತಾಳೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಎರಡು ಅಧ್ಯಾಯಗಳಿವೆ. ಒಂದು ಆಯುಧಾಗಾರಾಧ್ಯಕ್ಷನದು, ಮತ್ತೊಂದು ದೇಶಕಾಲಮಾನದ್ದು. ಮಾನಾಧ್ಯಾಯದಲ್ಲಿ ಮಧ್ಯಮ ದೇಹದ ಪುರುಷನ ನಡುಬೆರಳಿನ ಮಧ್ಯದ ಅಗಲವನ್ನು ಅಂಗುಲವೆಂದು ನಿರ್ಣಯಿಸಿ, ನಾಲ್ಕು ಅಂಗುಲಗಳಿಗೆ ‘ಧನುರ್ಗ್ರಹ’ವೆಂದೂ ಎಂಟು ಅಂಗುಲಗಳಿಗೆ ‘ಧನುರ್ಮುಷ್ಟಿ’ಯೆಂದೂ ಹೆಸರಿಟ್ಟಿದೆ; ಹನ್ನೆರಡಕ್ಕೆ ವಿತಸ್ತಿ, ಇಪ್ಪತ್ತನಾಲ್ಕಕ್ಕೆ ಅರತ್ನಿ. ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದೇನೆಂದರೆ, ನಾಲ್ಕು ಅಂಗುಲಗಳೆಂಬದು ಬಿಲ್ಲನ್ನು ಹಿಡಿದ ನಾಲ್ಕು ಬೆರಳುಗಳ ಅಗಲ. ಅಂದರೆ ಬಿಲ್ಲಿನ ಹಿಡಿಯನ್ನು ಮಾನದಿಂದ ಅಳೆದದ್ದಲ್ಲ. ಬಿಲ್ಲು ಹಿಡಿದ ಕೈಯೇ ಮಾನವಾಯಿತು. ಹುಲ್ಲುಗಾವಲು ಮೊದಲಾದವುಗಳನ್ನು ಅಳೆಯುವ ಮಾನಗಳ ಲೆಕ್ಕದಲ್ಲಿಯೂ ಈ ಧನುರ್ಗ್ರಹ, ಧನುರ್ಮುಷ್ಟಿಗಳನ್ನು ಕೂಡಿಸುವ ಪದ್ಧತಿಯನ್ನು ಆ ಗ್ರಂಥವೇ ಹೇಳುತ್ತದೆ.

ಖಡ್ಗದ ಹೆಸರುಗಳಲ್ಲಿಯೂ ಇದೇ ಸಂಗತಿಯು ಕಾಣಬರುತ್ತದೆ. ‘ನಿಸ್ತ್ರಿಂಶ’ವೆಂದರೆ ಮೂವತ್ತು ಅಂಗುಲಗಳನ್ನು ಮೀರಿದ್ದು ಎಂದು ವ್ಯಾಖ್ಯಾತೃಗಳು ಬಿಡಿಸುತ್ತಾರೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಐವತ್ತು ಅಂಗುಲಗಳ ಖಡ್ಗವನ್ನು ಉತ್ತಮವೆಂದೂ ಇಪ್ಪತ್ತೈದರದ್ದನ್ನು ಕನಿಷ್ಠವೆಂದೂ ಎಣಿಸಿದ್ದಾನೆ. ‘ಕೌಕ್ಷೇಯಕ’ವೆಂಬ ಹೆಸರು ಕುಕ್ಷಿಶಬ್ದದಿಂದ ಬಂದಿದ್ದು, ಸೊಂಟದ ಪಕ್ಕದಲ್ಲಿ ತೂಗುವ ಕತ್ತಿಯನ್ನು ಹೇಳುತ್ತದೆ, ಪಾಣಿನಿಯೇ ಇದಕ್ಕಾಗಿ ಪ್ರತ್ಯಯವನ್ನು ವಿಧಿಸಿದ್ದಾನೆ. ಹೀಗೆ ಒಂದು ಹೆಸರು ಬೆರಳಿನಿಂದ, ಇನ್ನೊಂದು ಸೊಂಟದಿಂದ ಹುಟ್ಟಿತು. ಆಯುಧವನ್ನು ಹೆಸರಿಸಿದವರು ಅದನ್ನು ಧರಿಸಿದ ಶರೀರವನ್ನು ಮರೆತಿರಲಿಲ್ಲ.

ಇನ್ನು ಅಮರಕೋಶದ ಕ್ಷತ್ರಿಯವರ್ಗವನ್ನು ನೋಡಿದರೆ ಹಿಡಿಯ ಭೇದಗಳು ಸ್ಪಷ್ಟವಾಗುತ್ತವೆ. ಖಡ್ಗಾದಿಗಳ ಹಿಡಿಗೆ ‘ತ್ಸರು’, ಆ ಹಿಡಿಗೆ ಕಟ್ಟುವ ಪಟ್ಟಿಗೆ ‘ಮೇಖಲೆ’, ಗುರಾಣಿಯ ಒಳಗಣ ಹಿಡಿಗೆ ‘ಸಂಗ್ರಾಹ’, ಬಿಲ್ಲಿನ ನಡುಭಾಗಕ್ಕೆ ‘ಲಸ್ತಕ’, ಹೆದೆಯ ಪೆಟ್ಟನ್ನು ತಡೆಯಲು ತೋಳಿಗೆ ಕಟ್ಟುವ ತೊಗಲಿಗೆ ‘ಗೋಧಾ’ ಅಥವಾ ‘ತಲ’. ಒಂದೇ ‘ಹಿಡಿಕೆ’ಯಿಂದ ಇವೆಲ್ಲವನ್ನೂ ಸೂಚಿಸಲಾಗದೆಂಬದು ಇಷ್ಟರಿಂದಲೇ ತಿಳಿಯುತ್ತದೆ. ತ್ಸರುವಿಗೆ ಯಾವ ದ್ರವ್ಯವೆಂಬದಕ್ಕೆ ಕೌಟಿಲ್ಯನು ಖಡ್ಗಮೃಗ ಹಾಗೂ ಎಮ್ಮೆಗಳ ಕೊಂಬು, ಆನೆಯ ದಂತ, ಮರ, ಬಿದಿರಿನ ಬೇರು ಎಂದು ಎಣಿಸುತ್ತಾನೆ. ಬೆವರಿದ ಅಂಗೈಯಲ್ಲಿ ಬರಿಯ ಲೋಹವು ಜಾರುತ್ತದೆ. ಕೊಂಬು, ಮರ, ಬೇರುಗಳು ಅಷ್ಟು ಜಾರುವದಿಲ್ಲ, ಕೆತ್ತಿ ಕೈಯ ಆಕಾರಕ್ಕೆ ತರಲೂ ಬರುತ್ತವೆ.

ವಾಸಿಷ್ಠ ಧನುರ್ವೇದವು ಹೆದೆಯೆಳೆಯುವ ಮುಷ್ಟಿಯಲ್ಲಿ ಪತಾಕಾ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರೀ, ಕಾಕತುಂಡೀ ಎಂಬ ಐದು ಬಗೆಗಳನ್ನು ಹೇಳುತ್ತದೆ. ಇವು ಬೆರಳುಗಳನ್ನು ಮಡಿಸುವ ಕ್ರಮದ ಹೆಸರುಗಳು. ಬಾಣದ ಭೇದಕ್ಕೂ ಗುರಿಯ ಭೇದಕ್ಕೂ ತಕ್ಕಂತೆ ಮುಷ್ಟಿಯು ಬೇರೆಯಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಶಸ್ತ್ರವಿದ್ಯೆಯ ಪ್ರದರ್ಶನವನ್ನು ಅರಸನ ವಿನೋದಗಳಲ್ಲಿ ಸೇರಿಸಿರುವದರಿಂದ, ೧೨ನೆಯ ಶತಮಾನದಲ್ಲಿ ಈ ನಾಡಿನ ಆಸ್ಥಾನದಲ್ಲಿ ಆಯುಧವನ್ನು ಹಿಡಿಯುವದೇ ಒಂದು ನೋಡತಕ್ಕ ಕಲೆಯಾಗಿತ್ತೆಂದು ತಿಳಿಯಬಹುದು.

ಇಲ್ಲಿ ಒಂದು ಶಂಕೆಯು ಏಳುತ್ತದೆ. ಅಂಗುಲವು ಮಧ್ಯಮಪುರುಷನದಾದರೆ, ದೊಡ್ಡ ಕೈಯವನೂ ಸಣ್ಣ ಕೈಯವನೂ ಏನು ಮಾಡಬೇಕು? ಶಾಸ್ತ್ರದಲ್ಲಿ ಇದಕ್ಕೆ ಎರಡು ಮಾರ್ಗಗಳಿವೆ. ಒಂದು ನಿಯತಮಾನ, ಮತ್ತೊಂದು ಸ್ವಮಾನ. ಅರಸನ ಆಯುಧಶಾಲೆಯಲ್ಲಿ ಸಾವಿರ ಕತ್ತಿಗಳನ್ನು ಮಾಡಬೇಕಾದಾಗ ನಿಯತಮಾನವು ಬೇಕು. ಆದರೆ ಚಯನದಲ್ಲಿ ಯಜ್ಞವೇದಿಯನ್ನು ಅಳೆಯುವದು ತೋಳೆತ್ತಿ ನಿಂತ ಯಜಮಾನನ ಎತ್ತರದಿಂದ. ಆಯುರ್ವೇದದಲ್ಲಿ ಶರೀರದ ಅವಯವಗಳನ್ನು ಅಳೆಯುವದು ಅವನವನ ಸ್ವಂತ ಬೆರಳಿನಿಂದ. ಎಲ್ಲಿ ಫಲವು ಒಬ್ಬನಿಗೇ ಸೇರಿದೆಯೋ ಅಲ್ಲಿ ಅವನ ಅಂಗವೇ ಪ್ರಮಾಣ. ಹಿಡಿಯ ವಿಷಯದಲ್ಲಿ ಈ ಎರಡು ಮಾರ್ಗಗಳೂ ಕೂಡುತ್ತವೆ: ಅಲಗಿಗೆ ನಿಯತಮಾನ, ತ್ಸರುವಿಗೆ ಸ್ವಮಾನ. ಮುಂದೆ ಹೇಳುವ ಕೈಕೋವಿಯಲ್ಲಿಯೂ ಇದೇ ವಿಭಾಗವನ್ನು ಕಾಣಬಹುದು.

೩. ಕನ್ನಡದ ಶಬ್ದಗಳು

ಹಳಗನ್ನಡದ ‘ಪಿಡಿ’ಯು ಪಕಾರಕ್ಕೆ ಹಕಾರವಾಗಿ ‘ಹಿಡಿ’ಯಾಯಿತು. ಕ್ರಿಯೆಯೂ ಅದೇ, ವಸ್ತುವೂ ಅದೇ, ಮಾನವೂ ಅದೇ: ಹಿಡಿಯುವದು ಹಿಡಿ, ಹಿಡಿಯಲ್ಪಡುವ ಭಾಗವು ಹಿಡಿ, ಮುಚ್ಚಿದ ಕೈಯಲ್ಲಿ ತುಂಬುವಷ್ಟು ಧಾನ್ಯವೂ ಹಿಡಿ. ಸಂಸ್ಕೃತದ ಮುಷ್ಟಿಯಲ್ಲಿಯೂ ಈ ಮೂರು ಅರ್ಥಗಳು ಕೂಡಿರುವದು ವಿದಿತವೇ ಆಗಿದೆ. ‘ಕಾವು’ ಎಂಬದು ಕೊಡಲಿ, ಗುದ್ದಲಿಗಳ ಉದ್ದವಾದ ಮರದ ಕೋಲಿಗೆ ಸಲ್ಲುತ್ತದೆ. ಕಾವಿನ ಮೇಲೆ ಕೈಯು ಹಿಂದೆ ಮುಂದೆ ಸರಿಯುತ್ತದೆ; ಹಿಡಿಯಲ್ಲಿ ಕೈಯು ಒಂದೇ ನೆಲೆಯಲ್ಲಿ ನಿಲ್ಲುತ್ತದೆ. ಕೊಡಲಿಗೆ ಕಾವು, ಕುಡಗೋಲಿಗೆ ಹಿಡಿಕೆ ಎಂದು ಒಕ್ಕಲಿಗನು ಆಡುವ ಮಾತಿನಲ್ಲಿ ಈ ಭೇದವು ಇನ್ನೂ ಜೀವಂತವಾಗಿದೆ. ಗದಾಯುದ್ಧದ ಕವಿ ರನ್ನನು ಅಥಣಿ ರಾಯಬಾಗಗಳಿಗೆ ದೂರವಲ್ಲದ ಮುದುವೊಳಲಿನವನು, ಅಂದರೆ ಈಗಿನ ಮುಧೋಳದವನು. ಗದೆಯು ಕಾವಿನ ಜಾತಿಯದೋ ಹಿಡಿಯ ಜಾತಿಯದೋ ಎಂದು ವಿಚಾರಿಸುವವರು ಆ ಸೀಮೆಯ ಒಕ್ಕಲಿಗನ ಮಾತನ್ನು ಕೇಳಿದರೆ ಲಾಭವುಂಟು.

ಗಡಿನಾಡಿನ ಮರಾಠಿಯಲ್ಲಿ ಕತ್ತಿಯ ಹಿಡಿಗೆ ‘ಮೂಠ’ ಎನ್ನುತ್ತಾರೆ. ಇದು ಮುಷ್ಟಿಯ ಪ್ರಾಕೃತ ರೂಪವಾದ ‘ಮುಟ್ಠಿ’ಯಿಂದ ಬಂದದ್ದು. ಒರೆಗೆ ಹೇಳುವ ‘ಮ್ಯಾನ’ ಪಾರಸಿಯದು. ಹೀಗೆ ಒಂದೇ ಕತ್ತಿಯಲ್ಲಿ ಅಲಗು ಕನ್ನಡದ್ದು, ಮೂಠ ಸಂಸ್ಕೃತಮೂಲದ್ದು, ಮ್ಯಾನ ಪಾರಸಿಯದ್ದು ಆಗಿರುವದು ಈ ಸೀಮೆಯ ಚರಿತ್ರೆಯನ್ನು ಒಂದು ಅಡಿಯ ಉದ್ದದಲ್ಲಿ ತೋರಿಸುತ್ತದೆ.

೪. ಗಡಿನಾಡಿನ ಹಿಡಿಗಳು

ರಾಯಬಾಗ, ಅಥಣಿಗಳು ಕೊಂಕಣದ ರೇವುಗಳಿಂದ ವಿಜಾಪುರಕ್ಕೆ ಹೋಗುವ ಮಾರ್ಗದ ಪೇಟೆಗಳಾಗಿದ್ದವು. ಪಶ್ಚಿಮ ಸಮುದ್ರದ ಮೂಲಕ ಬಂದ ಯುರೋಪದ ಅಲಗುಗಳಿಗೆ ಈ ದೇಶದ ಹಿಡಿಗಳನ್ನು ಜೋಡಿಸಿ ‘ಫಿರಂಗಿ’ಯೆಂಬ ಕತ್ತಿಯನ್ನು ಮಾಡುತ್ತಿದ್ದರು. ಅಲಗು ಪರದೇಶದ್ದಾದರೂ ಅದರ ಹಿಡಿಯನ್ನು ಮಾತ್ರ ಹಾಗೆಯೇ ಸ್ವೀಕರಿಸಲಿಲ್ಲವೆಂಬದು ಗಮನಾರ್ಹವಾದ ಸಂಗತಿ. ಕೈಯು ಇಲ್ಲಿಯದು, ವರಸೆಯು ಇಲ್ಲಿಯದು. ಆದುದರಿಂದ ಹಿಡಿಯೂ ಇಲ್ಲಿಯದಾಗಬೇಕಾಯಿತು.

ದಖ್ಖನಿನ ಹಿಡಿಗಳನ್ನು ಮಣಿಕಟ್ಟಿನ ಸ್ವಾತಂತ್ರ್ಯದ ದೃಷ್ಟಿಯಿಂದ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಖಂಡೆಯ ಹಿಡಿ. ಇದರಲ್ಲಿ ಬೆರಳುಗಳ ರಕ್ಷಣೆಗೆ ಅಗಲವಾದ ಕಬ್ಬಿಣದ ಪಟ್ಟಿಯೂ, ಒಳಗಡೆ ಮೆತ್ತೆಯೂ, ತುದಿಯ ಬಿಲ್ಲೆಯಿಂದ ಹೊರಟ ಒಂದು ಮೊಳೆಯೂ ಇರುತ್ತವೆ. ಆ ಮೊಳೆಯನ್ನು ಎಡಗೈಯಿಂದ ಹಿಡಿದು ಎರಡು ಕೈಗಳಿಂದ ಹೊಡೆಯಲು ಬರುತ್ತದೆ. ಮಣಿಕಟ್ಟು ಇಲ್ಲಿ ಪೂರ್ಣ ಸ್ವತಂತ್ರವಾಗಿದೆ.

ಎರಡನೆಯದು ತಲವಾರಿನ ಹಿಡಿ. ಇದರ ತುದಿಯಲ್ಲಿ ದುಂಡಾದ ತಟ್ಟೆಯುಂಟು. ನಡುಭಾಗವು ಬಹಳ ಗಿಡ್ಡ. ಹಳೆಯ ತಲವಾರುಗಳನ್ನು ಹಿಡಿದು ನೋಡಿದವರು ಮುಷ್ಟಿಯು ಒಳಗೆ ಸೇರದಿರುವದನ್ನು ಕಂಡು, ಪೂರ್ವಿಕರ ಕೈಗಳು ಸಣ್ಣವಿದ್ದವೆಂದು ಊಹಿಸುತ್ತಾರೆ. ಇದು ಅರ್ಧ ಮಾತ್ರ ವಿಚಾರಿಸಿದ ಅಭಿಪ್ರಾಯ. ಗಿಡ್ಡ ಹಿಡಿಯು ಬೆರಳುಗಳನ್ನು ಒತ್ತಾಗಿ ಸೇರಿಸುತ್ತದೆ. ತಟ್ಟೆಯು ಮಣಿಕಟ್ಟಿನ ಅಂಚಿಗೆ ತಾಗಿ ಅದನ್ನು ಮುಂದಕ್ಕೆ ಬಾಗದಂತೆ ತಡೆಯುತ್ತದೆ. ಇದರಿಂದ ಹೊಡೆತವು ಮಣಿಕಟ್ಟಿನಿಂದಲ್ಲದೆ ಹೆಗಲಿನಿಂದ ಹೊರಟು, ಬಾಗಿದ ಅಲಗು ಎಳೆದು ಕೊಯ್ಯುವದಕ್ಕೆ ಅನುಕೂಲವಾಗುತ್ತದೆ. ಆದುದರಿಂದ ಬಿಗಿಯು ಹಿಡಿಯ ದೋಷವಲ್ಲ, ವರಸೆಯ ಅಂಗ. ಹಿಡಿಯು ಕೈಗೆ ಒಪ್ಪಿತೆಂದರೆ ಸಡಿಲವಾಗಿ ಸುಖವಾಗಿದೆಯೆಂದರ್ಥವಲ್ಲ; ಉದ್ದೇಶಿಸಿದ ಕೆಲಸಕ್ಕೆ ಕೈಯನ್ನು ಸರಿಯಾದ ನೆಲೆಯಲ್ಲಿ ನಿಲ್ಲಿಸುತ್ತದೆಯೆಂದರ್ಥ. ಹಿಡಿಯ ವಿಚಾರದಲ್ಲಿ ಮುಖ್ಯವಾಗಿ ಮನಸ್ಸಿಗೆ ತರಬೇಕಾದ ಸೂಕ್ಷ್ಮವು ಇದೇ.

ಮೂರನೆಯದು ಕಠಾರಿ ಹಾಗೂ ಪಟಾಗಳ ಹಿಡಿ. ಕಠಾರಿಯಲ್ಲಿ ಅಡ್ಡಲಾಗಿ ಇರುವ ಸರಳುಗಳನ್ನು ಮುಷ್ಟಿಯಿಂದ ಹಿಡಿಯುವದರಿಂದ ಅಲಗು ಮುಂಗೈಯ ನೇರಕ್ಕೆ ನಿಲ್ಲುತ್ತದೆ. ಪಕ್ಕದ ಎರಡು ಪಟ್ಟಿಗಳು ಮಣಿಕಟ್ಟಿನ ಎರಡೂ ಕಡೆಗೆ ಬರುತ್ತವೆ. ಮರಾಠರ ದಂಡುಗಳಲ್ಲಿ ಪ್ರಸಿದ್ಧವಾದ ಪಟಾದಲ್ಲಿ ಇದೇ ಅಡ್ಡಹಿಡಿಯ ಮೇಲೆ ಕಬ್ಬಿಣದ ಕೈಗವಸು ಮೊಳಕೈಯ ಸಮೀಪದವರೆಗೆ ಮುಚ್ಚಿಕೊಂಡಿರುತ್ತದೆ. ಇಲ್ಲಿ ಮಣಿಕಟ್ಟು ಬಾಗುವಂತೆಯೇ ಇಲ್ಲ, ತೋಳೇ ಕತ್ತಿಯಾಗಿಬಿಡುತ್ತದೆ. ಪಟಾದ ಹಿಡಿಯು ಶರೀರಕ್ಕೆ ಅತ್ಯಂತ ಸಮೀಪವಾದದ್ದು. ಆದರೆ ಅದನ್ನು ಕಲಿಯುವದು ಅಷ್ಟೇ ಕಠಿಣ, ಕೈಯಿಂದ ಬೇಗನೆ ಕಳಚುವದೂ ಸಾಧ್ಯವಿಲ್ಲ.

೫. ಕೈಕೋವಿಯ ಹಿಡಿ

ಕೋವಿಗೆ ಕನ್ನಡದಲ್ಲಿ ಕೊಳವೆಯೆಂಬ ಅರ್ಥವುಂಟು. ತುಪಾಕಿ ತುರ್ಕಿಯದು, ಬಂದೂಕು ಅರಬಿ ಪಾರಸಿಗಳ ದಾರಿಯಿಂದ ಬಂದದ್ದು, ಪಿಸ್ತೂಲು ಯುರೋಪದ್ದು. ಒಂದೇ ಕೈಯಲ್ಲಿ ಹಿಡಿಯುವ ಕೋವಿಗೆ ಇಲ್ಲಿ ‘ಕೈಕೋವಿ’ ಎನ್ನಲಾಗಿದೆ. ಹೆಗಲಿಗೆ ಒತ್ತುವ ಬಂದೂಕಿಗೆ ಹೆಗಲು, ಕೆನ್ನೆ, ಎರಡು ಕೈಗಳೆಂಬ ನಾಲ್ಕು ಆಧಾರಗಳಿರುತ್ತವೆ. ಕೈಕೋವಿಗೆ ಅಂಗೈಯೊಂದೇ ಆಧಾರ. ಆದುದರಿಂದ ಅದರ ಹಿಡಿಯಲ್ಲಿ ಬಿದ್ದ ಅಲ್ಪದೋಷವೂ ಗುರಿಯಲ್ಲಿ ದೊಡ್ಡದಾಗಿ ತೋರುತ್ತದೆ.

ಹಿಡಿಯು ಕೈಗೆ ಒಪ್ಪಿದೆಯೇ ಎಂಬದನ್ನು ನಾಲ್ಕು ಲಕ್ಷಣಗಳಿಂದ ಪರೀಕ್ಷಿಸುತ್ತಾರೆ.

ಒಂದನೆಯದು ನೇರ. ಹೆಬ್ಬೆರಳು ಮತ್ತು ತೋರಬೆರಳುಗಳ ನಡುವಣ ಸಂದು ಹಿಡಿಯ ಹಿಂಬದಿಯ ಮೇಲ್ಭಾಗದಲ್ಲಿ ಕುಳಿತಾಗ ನಳಿಗೆಯು ಮುಂಗೈಯ ಎಲುಬಿನ ನೇರಕ್ಕೆ ಬರಬೇಕು. ನಳಿಗೆಯು ಪಕ್ಕಕ್ಕೆ ವಾಲಿದರೆ ಸಿಡಿತದ ಹಿನ್ನೂಕು ಹೆಬ್ಬೆರಳಿನ ಬುಡಕ್ಕೆ ಬಡಿಯುತ್ತದೆ.

ಎರಡನೆಯದು ದೂರ. ತೋರಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗವು ಟ್ರಿಗರಿನ ಮೇಲೆ ಸಹಜವಾಗಿ ಬೀಳಬೇಕು. ಹಿಡಿಯು ದಪ್ಪವಾದರೆ ಬೆರಳಿನ ತುದಿ ಮಾತ್ರ ಮುಟ್ಟಿ ಒತ್ತುವಾಗ ಕೋವಿಯು ಒಂದು ಪಕ್ಕಕ್ಕೆ ನೂಕಲ್ಪಡುತ್ತದೆ. ತೆಳುವಾದರೆ ಬೆರಳು ಒಳಗೆ ಹೆಚ್ಚಾಗಿ ಹೋಗಿ ಮತ್ತೊಂದು ಪಕ್ಕಕ್ಕೆ ಎಳೆಯಲ್ಪಡುತ್ತದೆ.

ಮೂರನೆಯದು ಸುತ್ತಳತೆ. ನಡುಬೆರಳೂ ಉಂಗುರಬೆರಳೂ ಹಿಡಿಯನ್ನು ಸುತ್ತಿದಾಗ ಅವುಗಳ ತುದಿಗಳು ಅಂಗೈಗೆ ಚುಚ್ಚಲೂ ಬಾರದು, ಹಿಡಿಯ ಬದಿಯಲ್ಲಿಯೇ ನಿಂತುಹೋಗಲೂ ಬಾರದು. ಹಿಡಿಯುವ ಬಲವು ಈ ಎರಡು ಬೆರಳುಗಳದ್ದೇ; ತೋರಬೆರಳು ಟ್ರಿಗರಿಗಾಗಿ ಬಿಡುವಾಗಿರಬೇಕು.

ನಾಲ್ಕನೆಯದು ಉದ್ದ. ಕಿರುಬೆರಳು ಹಿಡಿಯ ಮೇಲೆ ನಿಲ್ಲುವಷ್ಟು ಸ್ಥಳವಿರಬೇಕು. ಅದು ಕೆಳಗೆ ಜಾರಿದರೆ ಪ್ರತಿ ಸಿಡಿತಕ್ಕೂ ಹಿಡಿತವು ಬದಲಾಗುತ್ತದೆ.

ಇವುಗಳನ್ನು ಒಟ್ಟಾಗಿ ಪರೀಕ್ಷಿಸುವ ಒಂದು ಕ್ರಮವುಂಟು. ಕೋವಿಯಲ್ಲಿ ಗುಂಡು ಇಲ್ಲವೆಂಬದನ್ನು ಎರಡು ಸಲ ನೋಡಿ ನಿಶ್ಚಯಿಸಿಕೊಂಡು, ಚಾಂದಮಾರಿಯ ಸ್ಥಳದಲ್ಲಿ ಗುರಿಯ ದಿಕ್ಕಿಗೆ ನಿಂತು, ಕಣ್ಣು ಮುಚ್ಚಿ ತೋಳನ್ನು ಸಹಜವಾಗಿ ಎತ್ತಬೇಕು. ಬಳಿಕ ಕಣ್ಣು ತೆರೆದಾಗ ನಳಿಗೆಯ ಮುಂಗುರುತು ಹಿಂಗುರುತಿನ ಕಚ್ಚಿನ ನಡುವೆ ಕಾಣಿಸಿದರೆ ಹಿಡಿಯು ಒಪ್ಪಿತೆಂದು ತಿಳಿಯತಕ್ಕದ್ದು. ಮುಂಗುರುತು ಎಡಕ್ಕೋ ಬಲಕ್ಕೋ ಸರಿದಿದ್ದರೆ ಮಣಿಕಟ್ಟನ್ನು ತಿರುಗಿಸಿ ಸರಿಪಡಿಸಬಾರದು, ಹಿಡಿಯನ್ನೇ ಸರಿಪಡಿಸಬೇಕು. ಏಕೆಂದರೆ ಬಲವಂತವಾಗಿ ತಿರುಗಿಸಿದ ಮಣಿಕಟ್ಟು ಆಯಾಸವಾದಾಗ ತನ್ನ ಸಹಜಸ್ಥಿತಿಗೆ ಮರಳುತ್ತದೆ, ಗುರಿಯೂ ಅದರೊಡನೆ ಹೋಗುತ್ತದೆ.

ಗುರಿಕಾರಿಕೆಯ ಸ್ಪರ್ಧೆಗಳಲ್ಲಿ ಬಳಸುವ ಪಿಸ್ತೂಲುಗಳ ಹಿಡಿಯನ್ನು ಅಕ್ರೋಟದ ಮರದಲ್ಲಿ ಅಂಗೈಯ ಉಬ್ಬುತಗ್ಗುಗಳಿಗೆ ತಕ್ಕಂತೆ ಕೆತ್ತುತ್ತಾರೆ. ಹೆಚ್ಚಾದಲ್ಲಿ ಅರದಿಂದ ಉಜ್ಜಿ ತೆಗೆಯುತ್ತಾರೆ, ಕಡಿಮೆಯಾದಲ್ಲಿ ಮರದ ಲೇಪವನ್ನು ಮೆತ್ತಿ ತುಂಬುತ್ತಾರೆ. ಅಂಗೈಯ ಕೆಳ ಅಂಚನ್ನು ಹೊರುವ ಪೀಠವನ್ನು ಮೇಲೆ ಕೆಳಗೆ ಸರಿಸಲು ಬರುತ್ತದೆ. ಬಲಗೈಯವನಿಗಾಗಿ ಮಾಡಿದ ಇಂಥ ಹಿಡಿಯು ಎಡಗೈಯವನಿಗೆ ಸಲ್ಲುವದಿಲ್ಲ. ಎರಡೂ ಕೈಗಳಿಂದ ಬಾಣ ಬಿಡಬಲ್ಲ ಅರ್ಜುನನು ಸವ್ಯಸಾಚಿಯಾದದ್ದಕ್ಕೆ ಅಭ್ಯಾಸದಂತೆ ಬಿಲ್ಲಿನ ಲಸ್ತಕವು ಎರಡು ಕೈಗಳಿಗೂ ಸಮವಾಗಿರುವದೂ ಸಹಾಯಕವೆಂಬದು ಈ ಹೋಲಿಕೆಯಿಂದ ಹೊಳೆಯುತ್ತದೆ.

ಆದರೆ ಹಿಡಿಯ ಒಪ್ಪಿಗೆಗೆ ನಿಯಮವು ಒಂದು ಮೇರೆಯನ್ನು ಹಾಕಿದೆ. ಅಂತರರಾಷ್ಟ್ರೀಯ ನಿಯಮಗಳಂತೆ ೧೦ ಮೀಟರು ವಾಯುಪಿಸ್ತೂಲಿನ ತೂಕವು ೧೫೦೦ ಗ್ರಾಮುಗಳನ್ನು ಮೀರಕೂಡದು, ಟ್ರಿಗರಿನ ಎಳೆತವು ೫೦೦ ಗ್ರಾಮುಗಳಿಗೆ ಕಡಿಮೆಯಾಗಕೂಡದು, ಇಡಿಯ ಪಿಸ್ತೂಲು ೪೨೦ x ೨೦೦ x ೫೦ ಮಿಲಿಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯಬೇಕು. ೨೫ ಮೀಟರು ಪಿಸ್ತೂಲಿಗೆ ೧೪೦೦ ಗ್ರಾಮುಗಳ ತೂಕ, ೧೦೦೦ ಗ್ರಾಮುಗಳ ಎಳೆತ. ಎಲ್ಲಕ್ಕಿಂತ ಮುಖ್ಯವಾದದ್ದು, ಹಿಡಿಯ ಯಾವ ಭಾಗವೂ ಕೈಯನ್ನು ದಾಟಿ ಆಧಾರ ಕೊಡಬಾರದು. ಮಣಿಕಟ್ಟು ಬಿಡುವಾಗಿ ಕಾಣುತ್ತಿರಬೇಕು. ಮೇಲೆ ಹೇಳಿದ ವರ್ಗೀಕರಣವನ್ನು ನೆನೆದರೆ ಇದರ ಮರ್ಮವು ತಿಳಿಯುವದು. ಖಂಡೆಯಂತೆ ಕೈಗೆ ಒಪ್ಪುವ ಹಿಡಿಗೆ ಅನುಮತಿಯುಂಟು, ಪಟಾದಂತೆ ತೋಳನ್ನು ನುಂಗುವ ಹಿಡಿಗೆ ಅನುಮತಿಯಿಲ್ಲ. ನಿಪ್ಪಾಣಿಯ ನೆರೆಯ ಕೊಲ್ಹಾಪುರದ ರಾಹಿ ಸರನೋಬತರು ೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ೨೫ ಮೀಟರು ಪಿಸ್ತೂಲಿನಲ್ಲಿ ಚಿನ್ನದ ಪದಕವನ್ನು ಪಡೆದದ್ದು ಇಂಥ ನಿಯಮದೊಳಗಿನ ಕೈಯಿಂದಲೇ.

೬. ಹಿಡಿಯ ಪರಿಕರಗಳು

ಬಿಡಿಯಾದ ಪರಿಕರಗಳಲ್ಲಿ ಹಿಡಿಯ ಎರಡು ಪಕ್ಕದ ಹಲಗೆಗಳು ಮೊದಲನೆಯವು. ತೆಳು ಹಲಗೆಗಳನ್ನು ಹಾಕಿ ಸುತ್ತಳತೆಯನ್ನು ಇಳಿಸಬಹುದು, ರಬ್ಬರಿನ ಗವಸು ತೊಡಿಸಿ ಏರಿಸಬಹುದು. ಮರದ ಮೇಲೆ ಗೆರೆಗೀರಿ ಒರಟು ಮಾಡುವದು ಬೆವರಿಗೆ ಪರಿಹಾರ. ಅತಿಯಾದ ಒರಟು ಮಾತ್ರ ಅಂಗೈಯನ್ನು ತರಚಿ, ಹಿಡಿಯುವವನು ಅರಿಯದೆಯೇ ಹಿಡಿತವನ್ನು ಸಡಿಲಿಸುವಂತೆ ಮಾಡುತ್ತದೆ. ವೆಬ್ಲಿ ರಿವಾಲ್ವರುಗಳ ಹಿಡಿಯ ಬುಡದಲ್ಲಿ ಒಂದು ಬಳೆಯಿದ್ದು ಅದಕ್ಕೆ ಹುರಿಯನ್ನು ಕಟ್ಟುತ್ತಿದ್ದರು. ಕೈಯಿಂದ ಜಾರಿದರೂ ಆಯುಧವು ನೆಲಕ್ಕೆ ಬೀಳದಿರಲೆಂದು. ಅಮರಸಿಂಹನ ‘ಮೇಖಲೆ’ ಮಾಡುತ್ತಿದ್ದ ಕೆಲಸವನ್ನೇ ಈ ಹುರಿಯು ಮಾಡುತ್ತದೆ. ಸೊಂಟದ ತೊಗಲಿನ ಚೀಲವು ಕೌಕ್ಷೇಯಕದ ಒರೆಯ ಸ್ಥಾನದಲ್ಲಿದೆ. ಕೊಡಗಿನ ಒಡಿಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸುವ ‘ತೋಡಂಗ್’ ಎಂಬ ಲೋಹದ ಕೊಂಡಿಯೂ ಇದೇ ಜಾತಿಯದು.

ಅಥಣಿ, ಮದಭಾವಿ, ನಿಪ್ಪಾಣಿಗಳ ಚರ್ಮಕಾರರ ಕೈಕೆಲಸವು ಪ್ರಸಿದ್ಧವಾದದ್ದು. ೨೦೧೯ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಕಾಲಿನ ಅಳತೆಯನ್ನು ಕಾಲಿನಿಂದಲೇ ತೆಗೆಯುವ ಈ ಕುಶಲರಲ್ಲಿ ಸ್ವಮಾನದ ತತ್ತ್ವವು ಶಾಸ್ತ್ರದ ಹಂಗಿಲ್ಲದೆ ಉಳಿದುಬಂದಿದೆ.

ಭಾರತದಲ್ಲಿ ೧೯೫೯ರ ಆಯುಧ ಅಧಿನಿಯಮ ಹಾಗೂ ೨೦೧೬ರ ನಿಯಮಗಳಿಗೆ ಒಳಪಟ್ಟು ಪರವಾನಗಿ ಪಡೆದವರು ಮಾತ್ರ ಕೈಕೋವಿಯನ್ನು ಇಟ್ಟುಕೊಳ್ಳಬಹುದು. ಹಲಗೆ, ಗವಸುಗಳ ಬದಲಾವಣೆಯು ಕೈಗೆ ಸಂಬಂಧಿಸಿದ್ದು. ನಳಿಗೆಯನ್ನು ಗಿಡ್ಡಗೊಳಿಸುವದೇ ಮೊದಲಾದ ಬದಲಾವಣೆಗಳು ಆಯುಧಕ್ಕೇ ಸಂಬಂಧಿಸಿದವು, ಕಾನೂನಿನ ಕಟ್ಟಿಗೆ ಒಳಪಟ್ಟವು. ಅಲಗಿಗೆ ನಿಯತಮಾನ, ಹಿಡಿಗೆ ಸ್ವಮಾನ ಎಂಬ ವಿಭಾಗವು ಇಲ್ಲಿಯೂ ಕಾಣುತ್ತದೆ.

೭. ಉಪಸಂಹಾರ

ಈ ವಿಚಾರವು ಆಯುಧಪ್ರಿಯರಿಗಷ್ಟೇ ಸೇರಿದ್ದೆಂದು ಎಣಿಸಲಾಗದು. ೧೮೫೭ರಲ್ಲಿ ಕಂಪನಿ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಆಜ್ಞೆಯನ್ನು ಹೊರಡಿಸಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ಒಪ್ಪದೆ ಆ ವರುಷದ ನವೆಂಬರಿನಲ್ಲಿ ದಂಗೆಯೆದ್ದರು. ಆ ಪ್ರಸಂಗದ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದು ಕನ್ನಡ ಪಾಠಗಳಲ್ಲಿ ಸೇರುವಂತಾಯಿತು. ಬೇಡರು ಸರಕಾರದೊಡನೆ ಸೆಣಸಿದ್ದು ಬರಿಯ ಕಬ್ಬಿಣಕ್ಕಾಗಿ ಎಂದು ವಿದ್ಯಾರ್ಥಿಗಳು ತಿಳಿದರೆ ಲಾವಣಿಯ ಅರ್ಧ ಭಾವವು ಸತ್ತಂತೆಯೇ. ಬೇಟೆಯಿಂದಲೂ ಕಾವಲಿನಿಂದಲೂ ಜೀವಿಸಿದವನಿಗೆ, ತನ್ನ ಅಂಗೈಗೆ ಸವೆದು ಒಪ್ಪಿದ ಹಿಡಿಯನ್ನು ಬೇರೊಬ್ಬನ ಕೈಗೆ ಒಪ್ಪಿಸುವದೆಂದರೆ ಅನ್ನವನ್ನೂ ಮಾನವನ್ನೂ ಕೂಡಿಯೇ ಒಪ್ಪಿಸಿದಂತೆ.

ಆಯುಧವು ಕೈಯಿಂದ ಹೋದ ಮೇಲೆ ಅದರ ಅಂಗಗಳ ಹೆಸರುಗಳು ನಾಲಗೆಯಿಂದ ಹೋಗಲು ಎರಡು ತಲೆಮಾರು ಸಾಕು. ಇಂದು ತ್ಸರು, ಪಿಡಿ, ಕಾವುಗಳಿಗೆ ಒಂದೇ ಅರ್ಥವನ್ನು ಬರೆಯುವಂತಾದದ್ದು ಆ ಮರೆವಿನ ಫಲ. ಆದರೆ ಕಂಬಾರನ ಕುಲುಮೆಯಲ್ಲಿಯೂ ಬಡಿಗೇರನ ಅಂಗಳದಲ್ಲಿಯೂ ಈ ಭೇದಗಳು ಅಲ್ಲಲ್ಲಿ ಉಳಿದಿವೆ. ಚಿಕ್ಕೋಡಿಯಿಂದ ಕಾಗವಾಡದವರೆಗಿನ ಶಾಲೆಗಳ ಉಪಾಧ್ಯಾಯರು ಬರುವ ಖಂಡೇನವಮಿಯಂದು ಪೂಜೆಗಿಟ್ಟ ಒಂದೊಂದು ಉಪಕರಣದ ಹಿಡಿಗೂ, ಕಟ್ಟಿಗೂ, ಒರೆಗೂ ಊರವರು ಕನ್ನಡದಲ್ಲಿ ಏನೆನ್ನುವರು, ಮರಾಠಿಯಲ್ಲಿ ಏನೆನ್ನುವರು ಎಂಬದನ್ನು ಬರೆದಿಟ್ಟುಕೊಂಡರೆ, ಹಳೆಯ ಕಾವ್ಯಗಳ ಟಿಪ್ಪಣಿಗಳನ್ನು ತಿದ್ದುವದಕ್ಕೆ ಬೇಕಾದ ಸಾಮಗ್ರಿಯು ಕೆಲವೇ ವರುಷಗಳಲ್ಲಿ ಕೂಡೀತು.